ವಲೆನ್ಸಿಯಾದ ಬೀದಿಯಲ್ಲಿ ಹಾಕಿದ ಹೊಲಿಗೆ

ಸ್ಪೇನಿಗೆ ಹೋಗುವ ಮಾತು ಹುಟ್ಟಿದ್ದು ಅಬುಧಾಬಿಯ ಒಂದು ಹೆರಿಗೆ ವಾರ್ಡಿನಲ್ಲಿ. ಅಲ್ಲಿ ನರ್ಸ್ ಆಗಿರುವ ನನ್ನ ಗೆಳತಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವಳು, ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯ ಮಗಳು. ಆಸ್ಪತ್ರೆಯವರು ಕರೆಯುವ ಹಾಗೆ ನಾನೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತೇನೆ. ಹೆರಿಗೆಗೆ ಬಂದಿದ್ದ ಸ್ಪೇನಿನ ಹೆಂಗಸೊಬ್ಬಳು ಫೋನಿನಲ್ಲಿ ತನ್ನ ಊರು ವಲೆನ್ಸಿಯಾದ ಹಬ್ಬದ ಚಿತ್ರಗಳನ್ನು ಅವಳಿಗೆ ತೋರಿಸಿದ್ದಳಂತೆ. ನಾಲ್ಕು ಮಾಳಿಗೆಯಷ್ಟು ಎತ್ತರದ ಮೇರಿ ಮಾತೆ. ಮುಖ ಮತ್ತು ಕೈಯಲ್ಲಿರುವ ಮಗು ಬಿಟ್ಟರೆ ಉಳಿದದ್ದೆಲ್ಲ ಬರೀ ಮರದ ಚೌಕಟ್ಟು. ಊರಿನ ಹೆಂಗಸರು ಸಾಲಾಗಿ ಬಂದು ಕೊಡುವ ಹೂಗಳೇ ಆ ಚೌಕಟ್ಟಿಗೆ ಉಡುಗೆಯಾಗುತ್ತವೆ.

ಅವತ್ತು ಡ್ಯೂಟಿ ಮುಗಿಸಿದವಳು ಯೂನಿಫಾರ್ಮನ್ನೂ ಬದಲಿಸದೆ ನಮ್ಮ ಮನೆಗೆ ಬಂದಳು.

"ನಮ್ಮ ಮೊಂತಿ ಫೆಸ್ತಿನ ಹಾಗೆಯೇ ಉಂಟು ಮಾರಾಯ್ತಿ!"

ಮೊಂತಿ ಫೆಸ್ತ್ ಮಂಗಳೂರಿನ ಕ್ರೈಸ್ತರು ಸೆಪ್ಟೆಂಬರಿನಲ್ಲಿ ಆಚರಿಸುವ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮೇರಿ ಮಾತೆಗೆ ಅರ್ಪಿಸುತ್ತಾರೆ. ಸಿಸ್ಟರ್ ಗಲ್ಫಿಗೆ ಬಂದು ಇಪ್ಪತ್ತೆರಡು ವರ್ಷವಾಗಿದೆ. ಒಂದು ಸಲವೂ ಅವಳಿಗೆ ಸೆಪ್ಟೆಂಬರಿನಲ್ಲಿ ರಜೆ ಸಿಕ್ಕಿಲ್ಲ.

"ಆ ಊರಿನದ್ದು ಮಾರ್ಚಿನಲ್ಲಿ. ಮಾರ್ಚಿನಲ್ಲಾದರೆ ರಜೆ ಕೊಡ್ತಾರೆ. ಹೋಗುವನಾ?"

ನಾನು ಮುಸಫ್ಫಾ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. ವೀಸಾ ಫಾರ್ಮುಗಳಿಗಾಗಿಯೇ ನನ್ನನ್ನು ಕರೆಯುತ್ತಿದ್ದಾಳೆಂದು ಆಗಲೇ ಗೊತ್ತಾಯಿತು. ಆದರೂ ಹೂಂ ಎಂದೆ.

ಮೂರನೆಯವರು ದುಬೈ ಅಲ್ ನಹ್ದಾದ ಅಕ್ಕ. ಉಡುಪಿ ಕಡೆಯವರು. ನಮಗಿಬ್ಬರಿಗೂ ಹತ್ತು ವರ್ಷದಿಂದ ರವಿಕೆ ಹೊಲಿದುಕೊಡುತ್ತಿರುವವರು. ಫೋನು ಮಾಡಿದಾಗ ಮೊದಲು "ಈದ್ ಹತ್ತಿರ ಬಂತು, ಆರ್ಡರ್ ಎಷ್ಟುಂಟು ಗೊತ್ತುಂಟಾ?" ಎಂದು ಗದರಿದರು. ಹಬ್ಬಕ್ಕೆ ಅಲ್ಲಿನ ಹೆಂಗಸರು ತೊಡುವ ಲಂಗಗಳ ಚಿತ್ರ ಕಳಿಸಿದೆ. ಐದು ನಿಮಿಷದಲ್ಲಿ ಅವರದ್ದೇ ಫೋನು ಬಂತು.

"ಇದು ಬನಾರಸ್ ಅಲ್ವಾ? ಅಲ್ಲ... ನೇಯ್ಗೆ ಬೇರೆ. ಕೈಯಲ್ಲಿ ಮುಟ್ಟಿ ನೋಡ್ಬೇಕು. ಎಷ್ಟು ದಿನ ಹೇಳಿದ್ದು ನೀನು? ನಾಲ್ಕೇ ಅಲ್ವಾ?"

ನಾವು ಹೊರಟದ್ದು ರಂಜಾನಿನ ದಿನಗಳಲ್ಲಿ. ಅಬುಧಾಬಿಯ ಹಗಲು ಸದ್ದಿಲ್ಲದೆ ಸಾಗುತ್ತಿತ್ತು. ಅಂಗಡಿಗಳು ಅರ್ಧ ಕಣ್ಣು ಮುಚ್ಚಿದ ಹಾಗಿದ್ದವು. ಅಲ್ಲಿಂದ ವಲೆನ್ಸಿಯಾದಲ್ಲಿ ಇಳಿದರೆ ಬೀದಿಬೀದಿಯಲ್ಲೂ ಪಟಾಕಿ, ಬ್ಯಾಂಡು, ಕಾಲಿಡಲು ಜಾಗವಿಲ್ಲದಷ್ಟು ಜನ. ತಿರುವು ತಿರುವಿಗೂ ಕಾಗದ, ಮರಗಳಿಂದ ಮಾಡಿದ ಬೃಹತ್ ಗೊಂಬೆಗಳು. ಹಬ್ಬದ ಕೊನೆಯ ದಿನ ಅವನ್ನೆಲ್ಲ ಸುಟ್ಟುಬಿಡುತ್ತಾರೆಂದು ನಾನು ಹೇಳಿದಾಗ ಅಕ್ಕ ಒಂದು ಗೊಂಬೆಯ ಬೆರಳಿನ ಉಗುರನ್ನೇ ನೋಡುತ್ತಾ, "ಇಷ್ಟು ನಾಜೂಕಾಗಿ ಮಾಡಿ ಸುಡ್ಲಿಕ್ಕಾ? ಮಂಡೆ ಸರಿ ಉಂಟಾ ಇವರಿಗೆ?" ಎಂದರು.

ಮಧ್ಯಾಹ್ನ ಎರಡು ಗಂಟೆಗೆ ನಗರದ ದೊಡ್ಡ ಚೌಕದಲ್ಲಿ ಪಟಾಕಿ ಸಿಡಿಸುತ್ತಾರೆ. ಬಣ್ಣ ನೋಡಲಿಕ್ಕಲ್ಲ, ಸದ್ದು ಕೇಳಲಿಕ್ಕೇ. ನಾವು ಕಿವಿ ಮುಚ್ಚಿಕೊಂಡು ನಿಂತಿದ್ದೆವು. ಪಕ್ಕದಲ್ಲಿದ್ದ ಮುದುಕರೊಬ್ಬರು ನಮ್ಮ ಕೈಗಳನ್ನು ತೋರಿಸಿ ಬೇಡ ಎಂದು ತಲೆಯಾಡಿಸಿದರು. ಬಾಯಿ ತೆರೆದುಕೊಂಡಿರಿ ಎಂದು ತಾವೇ ಬಾಯಿ ತೆರೆದು ತೋರಿಸಿದರು. ಹಾಗೆ ಮೂವರೂ ಬಾಯಿ ಕಳೆದು ನಿಂತೆವು. ಸದ್ದು ನೆಲದಿಂದ ಮೇಲೆ ಬಂದು ಎದೆಗೂಡಿನಲ್ಲಿ ಗುದ್ದಿತು. ಐದಾರು ನಿಮಿಷದಲ್ಲಿ ಎಲ್ಲ ಮುಗಿದಾಗ ಸಿಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅಕ್ಕ ಬ್ಯಾಗು ಎದೆಗೊತ್ತಿಕೊಂಡು, "ಖಲಾಸಾ? ಇನ್ನೂ ಉಂಟಾ?" ಎಂದು ಕೇಳುತ್ತಲೇ ಇದ್ದರು.

ಹೂವಿನ ಮೆರವಣಿಗೆ ಮಾರನೆಯ ದಿನ. ಸಿಸ್ಟರ್ ಬೆಳಿಗ್ಗೆಯೇ ಹೋಗಿ ಒಂದು ಕಟ್ಟು ಕಾರ್ನೇಷನ್ ಹೂ ತಂದಳು. ಗೊಂಡೆಹೂವಿನಂಥ ಹಳದಿ ಬಣ್ಣ. ಮಧ್ಯಾಹ್ನ ಊಟವಾದ ಮೇಲೆ ಮೆರವಣಿಗೆಯ ದಾರಿಗೆ ಹೋಗಿ ನಿಂತೆವು. ತಡೆಬೇಲಿಯ ಹತ್ತಿರವಿದ್ದ ಪೊಲೀಸಿನವಳಿಗೆ ನಾನು ಇಂಗ್ಲಿಷಿನಲ್ಲಿ, ಇವಳೂ ಹೂ ಕೊಡಬೇಕು, ಎಲ್ಲಿಂದ ಒಳಗೆ ಹೋಗುವುದು ಎಂದು ಕೇಳಿದೆ. ಅವಳು ಮರ್ಯಾದೆಯಿಂದಲೇ ಹೇಳಿದಳು: ಒಳಗೆ ಹೋಗುವುದು ಊರಿನ ಕೇರಿಗಳ ಸಂಘದವರು ಮಾತ್ರ, ಆ ಉಡುಪು ತೊಟ್ಟವರು ಮಾತ್ರ. ಉಳಿದವರು ನೋಡಬಹುದು.

ಇದನ್ನು ನಾನು ಮೊದಲೇ ತಿಳಿದುಕೊಳ್ಳಬೇಕಿತ್ತು. ವೀಸಾದ ಕಾಗದ ಮೂರು ಮೂರು ಸಲ ಓದಿದವಳು ಇದನ್ನು ಓದಿರಲಿಲ್ಲ.

"ಇರ್ಲಿ ಬಿಡು. ನೋಡಿದರೂ ಆಯ್ತು," ಎಂದಳು ಸಿಸ್ಟರ್. ಹೂವಿನ ಕಟ್ಟನ್ನು ಮಾತ್ರ ಕೆಳಗಿಡಲಿಲ್ಲ.

ನಾವು ನಿಂತಿದ್ದ ಕಡೆ ಒಂದು ಕೇರಿಯವರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಗಂಟೆಗಟ್ಟಲೆ ಕಾದು ಅವರ ಬ್ಯಾಂಡಿನವರೂ ಸುಸ್ತಾಗಿದ್ದರು. ಕೊನೆಗೆ ಸರದಿ ಬಂದು ಸಾಲು ಮುಂದೆ ಹೊರಟದ್ದೇ ತಡ, ಚರ್ ಎಂದು ಸದ್ದು. ಮೂವತ್ತರ ಆಸುಪಾಸಿನ ಒಬ್ಬಳ ಹಸಿರು ರೇಷ್ಮೆ ಲಂಗ ಬೇಲಿಯ ಕಬ್ಬಿಣದ ಕೊಕ್ಕೆಗೆ ಸಿಕ್ಕಿ, ಸೊಂಟದ ಹತ್ತಿರ ಒಂದು ಗೇಣು ನೆರಿಗೆ ಕಿತ್ತು ಬಂದಿತ್ತು. ಅವಳು ಎರಡೂ ಕೈಯಲ್ಲಿ ಲಂಗ ಹಿಡಿದುಕೊಂಡು ನಿಂತಲ್ಲೇ ನಿಂತಳು. ಮುಖ ಕೆಂಪಾಗಿ ಇನ್ನೇನು ಅಳಬೇಕು. ಸುತ್ತಲಿದ್ದ ಹೆಂಗಸರು ಪಿನ್ನಿಗಾಗಿ ಒಬ್ಬರನ್ನೊಬ್ಬರು ಕೇಳತೊಡಗಿದರು.

ಅಕ್ಕ ಆಗಲೇ ಬೇಲಿಯ ಸಂದಿಯಲ್ಲಿ ಒಂದು ಕಾಲು ತೂರಿಸಿಯಾಗಿತ್ತು.

"ಪಿನ್ನು ಹಾಕಿದ್ರೆ ರೇಷ್ಮೆ ಹರೀತದೆ! ಬಿಡಿ, ಬಿಡಿ, ನಾನು ಮಾಡ್ತೇನೆ," ಎಂದು ಕನ್ನಡದಲ್ಲೇ ಹೇಳಿ ಬ್ಯಾಗಿನಿಂದ ಸೂಜಿ, ನೂಲು ತೆಗೆದರು. ಹಸಿರು ನೂಲಿರಲಿಲ್ಲ, ಕಪ್ಪನ್ನೇ ಎರಡೆಳೆ ಪೋಣಿಸಿದರು. ಪೊಲೀಸಿನವಳು ನೋಡಿದಳು, ಮುಖ ಬೇರೆ ಕಡೆ ತಿರುಗಿಸಿದಳು. ನನಗೆ ಲಂಗದ ಅಂಚು ಎತ್ತಿಹಿಡಿಯುವ ಕೆಲಸ. ಸಿಸ್ಟರ್ ಆ ಹೆಂಗಸಿನ ಕೈ ಹಿಡಿದು, ಹೆರಿಗೆ ವಾರ್ಡಿನಲ್ಲಿ ಮಾಡುವ ಹಾಗೆ ದೀರ್ಘವಾಗಿ ಉಸಿರೆಳೆದು ಬಿಡುವುದನ್ನು ತೋರಿಸಿಕೊಟ್ಟಳು. ಅವಳೂ ಹಾಗೆಯೇ ಉಸಿರಾಡಿದಳು.

"ಅಲುಗಾಡ್ಬೇಡಿ ಆಯ್ತಾ. ಎಂಥ ಬಟ್ಟೆ ಮಾರಾಯ್ರೆ ಇದು, ಬೆಣ್ಣೆ!" ಎನ್ನುತ್ತಾ ಅಕ್ಕ ಹೊಲಿದರು. ಐದು ನಿಮಿಷ ಹಿಡಿದಿರಬಹುದು. ಹಲ್ಲಿನಿಂದ ನೂಲು ಕಡಿದು, ನೆರಿಗೆಯನ್ನು ಅಂಗೈಯಲ್ಲಿ ಒತ್ತಿ ಸರಿಮಾಡಿ, "ಯಲ್ಲಾ, ಹೋಗಿ," ಎಂದು ಗಲ್ಫಿನ ಅಭ್ಯಾಸದಲ್ಲಿ ಅರಬ್ಬಿ ಬೆರೆಸಿ ಹೇಳಿ ಅವಳ ಬೆನ್ನು ತಟ್ಟಿದರು.

ಅವಳು ಹೋಗಲಿಲ್ಲ. ಅಕ್ಕನ ಎರಡೂ ಕೆನ್ನೆಗೆ ಮುತ್ತಿಟ್ಟು ಏನೇನೋ ಹೇಳಿದಳು. ಆಗ ಅಕ್ಕ ಸಿಸ್ಟರಿನ ಹೂವನ್ನು ತೋರಿಸಿದರು, ಮಾತೆಯನ್ನು ನಿಲ್ಲಿಸಿದ್ದ ಚರ್ಚಿನ ದಿಕ್ಕಿಗೆ ಬೆರಳು ಮಾಡಿದರು, ಕೈ ಮುಗಿದರು. ಅವಳಿಗೆ ತಕ್ಷಣ ಅರ್ಥವಾಯಿತು. ಕೈ ಚಾಚಿದಳು. ಸಿಸ್ಟರ್ ಒಂದು ಕ್ಷಣ ತಡೆದಳು. ತನ್ನ ಕೈಯಾರೆ ಕೊಡಬೇಕೆಂದು ಅಷ್ಟು ದೂರದಿಂದ ಬಂದವಳು. ಆಮೇಲೆ ಹೂವಿಗೆ ಹಣೆ ತಾಗಿಸಿ ಕೊಟ್ಟಳು.

ಬೇಲಿಯ ಹೊರಗಿನಿಂದ ನಾವು ಆ ಹಸಿರು ಲಂಗದ ಹಿಂದೆಯೇ ಜನರನ್ನು ಸರಿಸಿಕೊಂಡು ಹೋದೆವು. ಚರ್ಚಿನ ಎದುರಿನ ಚೌಕ ತಲುಪುವಾಗ ಸಂಜೆಯ ಬಿಸಿಲು ಮೇರಿ ಮಾತೆಯ ಮುಖದ ಮೇಲಿತ್ತು. ಚೌಕಟ್ಟನ್ನು ಹತ್ತಿ ನಿಂತ ಗಂಡಸರು ಕೆಳಗಿನಿಂದ ಎಸೆದ ಹೂಗೊಂಚಲುಗಳನ್ನು ಹಿಡಿದು ಸಿಕ್ಕಿಸುತ್ತಿದ್ದರು. ಆ ವರ್ಷದ ಉಡುಗೆ ಪೂರ್ತಿ ಕೆಂಪು ಬಿಳುಪಿನದ್ದು. ನಮ್ಮ ಹೆಂಗಸು ತನ್ನ ಹೂ ಕೊಟ್ಟಳು, ನಂತರ ಸಿಸ್ಟರಿನದ್ದನ್ನು ಚಾಚಿದಳು. ಕೆಳಗಿದ್ದವನು ಹಳದಿ ಕಟ್ಟನ್ನು ನೋಡಿ ನಕ್ಕು ತಲೆಯಾಡಿಸಿದ. ಅವಳು ಸೊಂಟಕ್ಕೆ ಕೈಯಿಟ್ಟು ವಾದಕ್ಕೆ ನಿಂತಳು. ನಮ್ಮ ಕಡೆ ತೋರಿಸಿದಳು, ತನ್ನ ಲಂಗ ತೋರಿಸಿದಳು. ಹಿಂದಿನ ಸಾಲು ನಿಂತೇಬಿಟ್ಟಿತು. ಕೊನೆಗೆ ಅವನು ಎರಡೂ ಕೈ ಮೇಲೆತ್ತಿ ಸೋತೆ ಎಂದು, ಹೂವನ್ನು ಚೌಕಟ್ಟಿನ ಬುಡದಲ್ಲಿ, ಮಾತೆಯ ಪಾದ ಇರಬೇಕಾದ ಜಾಗದಲ್ಲಿ ಸಿಕ್ಕಿಸಿದ. ಅಷ್ಟು ಕೆಂಪು ಬಿಳುಪಿನ ನಡುವೆ ಹಳದಿಯದ್ದು ಅದೊಂದೇ ಕಟ್ಟು.

ಸಿಸ್ಟರ್ ಅತ್ತಳು. ಅಕ್ಕ ಅವಳ ಬೆನ್ನು ಸವರಿದರು. ಆಮೇಲೆ, "ಹಸಿವಾಗುದಿಲ್ವಾ ನಿಮಗೆ?" ಎಂದರು. ಬೀದಿಯಲ್ಲೇ ಕರಿಯುತ್ತಿದ್ದ ಸಿಹಿಗುಂಬಳದ ಬೋಂಡ ತಿಂದೆವು. ತೂತಿರುವ ಗೋಳಿಬಜೆ ಎಂದು ಅಕ್ಕ ಅದಕ್ಕೆ ಹೆಸರಿಟ್ಟು ಆರು ತಿಂದರು.

ಗೊಂಬೆಗಳನ್ನು ಸುಡುವುದನ್ನು ನೋಡಲು ನಾವು ಉಳಿಯಲಿಲ್ಲ. ಸುಡುವುದು ರಾತ್ರಿ, ನಮ್ಮ ವಿಮಾನ ಅದೇ ದಿನ ಬೆಳಿಗ್ಗೆ ಇತ್ತು. ಅಕ್ಕ ಏರ್‌ಪೋರ್ಟಿನಿಂದ ನೇರ ಅಲ್ ನಹ್ದಾಕ್ಕೆ ಹೋಗಿ ಈದ್ ಬಟ್ಟೆಗಳ ಮುಂದೆ ಕುಳಿತರು. ಈದ್ ಕಳೆದ ಮೇಲಿನ ಭಾನುವಾರ ಮೂವರೂ ನಮ್ಮ ಮನೆಯಲ್ಲಿ ಸೇರಿದಾಗ ಸಿಸ್ಟರ್ ಚೌಕದಲ್ಲಿ ತೆಗೆದಿದ್ದ ವೀಡಿಯೊವನ್ನು ಟೀವಿಗೆ ಹಾಕಿದಳು. ಹೂ ಬೇಡವೆಂದು ಆ ಮನುಷ್ಯ ತಲೆಯಾಡಿಸುವ ಕಡೆ ಯಾರೋ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು: "ದೀಲೆ ಮಾರಾಯ್ರೆ! ದೀಲೆ!" ಇಡಿ, ಇಡಿ ಎಂದು ಶುದ್ಧ ತುಳುವಿನಲ್ಲಿ.

"ಅಮ್ಮಾ, ಈಸ್ ದಟ್ ಯೂ?" ಎಂದಳು ಜೊತೆಗೆ ಕುಳಿತಿದ್ದ ನನ್ನ ಮಗಳು.

ನಾನು ಕೂಗಿದ್ದು ನನಗೆ ನೆನಪೇ ಇರಲಿಲ್ಲ. ಆಫೀಸಿನಲ್ಲಿ ನನ್ನ ದನಿ ಪಕ್ಕದ ಮೇಜಿಗೂ ಕೇಳಿಸುವುದಿಲ್ಲ. ಅಕ್ಕ ನಗುತ್ತಾ ಇನ್ನೊಮ್ಮೆ ಹಾಕು ಎಂದರು. ಸಿಸ್ಟರ್ ಹಾಕಿದಳು, ವಾಲ್ಯೂಮ್ ಹೆಚ್ಚು ಮಾಡಿ.