ಸೂಜಿಯಕ್ಕನ ಉಗುರಚ್ಚು

ರಕ್ತ ಪರೀಕ್ಷೆಯ ಲ್ಯಾಬಿಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲು ಒಂದು ಮಾತು ಕೇಳುತ್ತಿದ್ದರು: "ಸೂಜಿಯಕ್ಕ ಇದಾರಾ?" ಇದ್ದಾರೆ ಎಂದರೆ ಅಂಗಿಯ ತೋಳು ಮಡಚುತ್ತಿದ್ದರು, ಇಲ್ಲ ಎಂದರೆ ನಾಳೆ ಬರುತ್ತೇವೆಂದು ಎದ್ದು ಹೋಗುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ಮಾತ್ರ ಉಳಿದಿತ್ತು. ಎಷ್ಟು ತಡಕಿದರೂ ನರ ಸಿಗದ ದಪ್ಪ ಕೈ, ಮೂಳೆ ಚಕ್ಕಳವಾದ ಮುದುಕರ ಕೈ, ಸೂರು ಹಾರಿಹೋಗುವಂತೆ ಕಿರುಚುವ ಮಕ್ಕಳ ಕೈ, ಎಲ್ಲವೂ ಅವಳಿಗೆ ಒಂದೇ. ಬೆರಳ ತುದಿಯಿಂದ ಒಮ್ಮೆ ಒತ್ತಿ ನೋಡುವಳು. ಕೈ ಕೊಟ್ಟವರನ್ನು ಏನೋ ಒಂದು ಮಾತಿಗೆಳೆಯುವಳು. ಅವರು ಉತ್ತರ ಹುಡುಕುವಷ್ಟರಲ್ಲಿ ಹತ್ತಿ ಒತ್ತಿಯಾಗಿರುತ್ತಿತ್ತು. "ಆಯ್ತಾ?" ಎಂದು ಅವರು ಬೆರಗಾಗಿ ಕೇಳುವುದೇ ಅವಳ ಸಂಬಳದ ದೊಡ್ಡ ಪಾಲು. ಸ್ವಲ್ಪ ಜಂಬವೂ ಇತ್ತೆನ್ನಿ. ಅಂಥ ಕೈ ಇದ್ದರೆ ಯಾರಿಗಾದರೂ ಇರುತ್ತದೆ.

ಅಂಥವಳು ಒಂದು ದಿನ, ಒರೆಸಿ ಇನ್ನೂ ಆರದ ಮೆಟ್ಟಿಲ ಮೇಲೆ ಕಾಲಿಟ್ಟು, ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು. ಒರೆಸಿದವಳೂ ಅವಳೇ ಆದ್ದರಿಂದ ಬೈಯಲು ಕೂಡ ಯಾರೂ ಸಿಗಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಹೊರಗೆ ಬಂತು, ಆದರೆ ಅದು ತನ್ನದೇ ಕೈ ಎಂದು ಅವಳಿಗೆ ಅನ್ನಿಸಲಿಲ್ಲ. ಸಕ್ಕರೆ ಕಲಕಲು ಹೋದರೆ ಚಮಚ ಲೋಟಕ್ಕೆ ಟಣಟಣ ಬಡಿಯುತ್ತಿತ್ತು. ಮೂಳೆ ಡಾಕ್ಟರು "ಸರಿ ಹೋಗುತ್ತೆ, ಸ್ವಲ್ಪ ತಾಳ್ಮೆ ಇರಲಿ" ಎಂದು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಲ್ಯಾಬಿನ ಮೇಲ್ವಿಚಾರಕರು ಫೋನ್ ಮಾಡಿ, "ಸೋಮವಾರ ಬಂದುಬಿಡಿ. ಕೈ ಇನ್ನೂ ಹಿಡಿತಕ್ಕೆ ಬಂದಿಲ್ಲ ಅಂದ್ರೂ ಯೋಚ್ನೆ ಬೇಡ, ಮುಂದಿನ ಕೌಂಟರಿನಲ್ಲಿ ಕೂತು ಟ್ಯೂಬಿಗೆ ಚೀಟಿ ಅಂಟಿಸೋ ಕೆಲ್ಸ ಕೊಡ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸೂಜಿಯಕ್ಕನಿಗೆ ಮಾತ್ರ ಬದುಕಿದ್ದಾಗಲೇ ಫೋಟೋಗೆ ಹಾರ ಹಾಕಿದಂತಾಯಿತು. ಕೈ ನಡುಗುವ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳದೆ, ಎಡಗೈಯಲ್ಲಿ ಲೋಟ ಹಿಡಿಯುವುದನ್ನು ಕಲಿತಳು.

ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸತ್ತ ಒಂದು ಮಧ್ಯಾಹ್ನ ಮಗಳ ಮೇಜಿನ ಡ್ರಾಯರಿನಲ್ಲಿ ಕತ್ತರಿ ಹುಡುಕುವಾಗ ಒಂದು ಪೆಟ್ಟಿಗೆ ಕಣ್ಣಿಗೆ ಬಿತ್ತು. ಉಗುರಿಗೆ ಅಚ್ಚು ಹಾಕುವ ಸಾಮಾನು. ಅಂಗೈಯಷ್ಟಗಲದ ಲೋಹದ ತಟ್ಟೆ, ಅದರಲ್ಲಿ ಕೊರೆದ ಹೂವು ಬಳ್ಳಿ, ಮೆತ್ತನೆಯ ತುದಿಯ ಒಂದು ಮುದ್ರೆ, ಬಣ್ಣ ಕೆರೆಯಲು ಒಂದು ಬಿಲ್ಲೆ.

"ಅದಾ? ತಟ್ಟೆ ಮೇಲೆ ಬಣ್ಣ ಹಚ್ಚು, ತಕ್ಷಣ ಕೆರೆ. ಗೀರಿನೊಳಗೆ ಉಳಿದಿದ್ದನ್ನ ಮುದ್ರೆಯಿಂದ ಎತ್ತು, ಉಗುರಿನ ಮೇಲೆ ಒಂದೇ ಸಲ ಉರುಳಿಸು, ಅಷ್ಟೇ," ಎಂದಳು ಸಂಜೆ ಆಫೀಸಿನಿಂದ ಬಂದ ಮಗಳು. "ನಂಗಂತೂ ಬರ್ಲಿಲ್ಲಮ್ಮ. ಆ ತಟ್ಟೆನೇ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ತಾಯಿ.

ಆದರೆ ಪೆಟ್ಟಿಗೆ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಇನ್ನೊಬ್ಬರ ಕೈ ಹಿಡಿಯಬೇಕು, ಕಿರಿದಾದ ಜಾಗಕ್ಕೆ ಗುರಿಯಿಡಬೇಕು, ತಡಮಾಡದೆ ಒಂದೇ ಸಲಕ್ಕೆ ಮುಗಿಸಬೇಕು: ಇದು ತನ್ನ ಕೆಲಸದ ಚಿಕ್ಕ ತಂಗಿಯೇ ಅಲ್ಲವೇ? ಇದಕ್ಕೆ ಒದಗುವ ಕೈ ಅದಕ್ಕೂ ಒದಗೀತು. ಇದಕ್ಕೆ ಒದಗದಿದ್ದರೆ ಸೋಮವಾರ ತಾನಾಗಿಯೇ ಹೋಗಿ ಚೀಟಿ ಅಂಟಿಸಲು ಕೂರುವುದು. ಹಾಗೆಂದು ಯಾರಿಗೂ ಹೇಳದೆ ತನಗೆ ತಾನೇ ಪಂಥ ಕಟ್ಟಿಕೊಂಡಳು.

ಅಚ್ಚು ಹಾಕಲು ಉಗುರು ಬೇಕಲ್ಲ. ಅವಳ ಉಗುರಿಗೆ ಬಣ್ಣ ಕೂಡದೆಂಬುದು ಲ್ಯಾಬಿನ ಕಟ್ಟುನಿಟ್ಟು. ಮಗಳದು ಹಲ್ಲಿಗೇ ಮುಡಿಪು. ಉಳಿದದ್ದು ಅತ್ತೆಯ ಉಗುರುಗಳು, ಉದ್ದ, ದಪ್ಪ, ಗಟ್ಟಿ. ಆ ಮನೆಯಲ್ಲಿ ಡಬ್ಬಿ ತೆಗೆಯಲು, ಗಂಟು ಬಿಚ್ಚಲು, ಎಲ್ಲಕ್ಕೂ ಆ ಉಗುರುಗಳೇ ಆಯುಧ. ಹೊಸದಾಗಿ ಬಂದ ಯಾವ ಸಾಮಾನಿನ ಮೇಲೂ ಬೆಲೆ ಚೀಟಿ ಸಂಜೆಯವರೆಗೆ ಉಳಿಯುತ್ತಿರಲಿಲ್ಲ, ಅತ್ತೆ ಕೂತಲ್ಲೇ ಕೆರೆದು ಎಬ್ಬಿಸಿರುತ್ತಿದ್ದರು.

"ಈ ವಯಸ್ಸಲ್ಲಿ ನಂಗ್ಯಾಕೆ ಶೋಕಿ," ಎಂದರು ಅತ್ತೆ, ಕೈ ಆಗಲೇ ಮೇಜಿನ ಮೇಲೆ ಚಾಚಿ.

ಆ ವಾರ ಪೂರ್ತಿ ಊಟದ ಮೇಜಿನ ಮೇಲೆ ಅದೇ ಸಂಸಾರ. ಸೂಜಿಯಕ್ಕ ತಟ್ಟೆಗೆ ಕಪ್ಪು ಬಣ್ಣ ಹಚ್ಚುವಳು, ಕೆರೆಯುವಳು, ಮುದ್ರೆ ಒತ್ತುವಳು. ಒಮ್ಮೆ ಏನೂ ಏಳುತ್ತಿರಲಿಲ್ಲ, ಇನ್ನೊಮ್ಮೆ ಎದ್ದರೆ ಮಸಿಯ ಮುದ್ದೆ. ಹೂವು ತಟ್ಟೆಯಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು, ಉಗುರಿನ ಮೇಲೆ ಮಾತ್ರ ಸತ್ತ ನೊಣ. ಒರೆಸುವಳು, ಮತ್ತೆ ಹಚ್ಚುವಳು. ಒರೆಸುವ ದ್ರಾವಣದ ವಾಸನೆಗೆ ಗಂಡ ಬಾಗಿಲಲ್ಲೇ ನಿಂತು, "ಇದು ಮನೇನೋ ಪೇಂಟ್ ಅಂಗಡಿನೋ" ಎಂದು ಕೇಳಿ, ಪೇಪರ್ ಹಿಡಿದು ಹೊರಗೆ ಹೋದ.

ಪ್ರತಿ ಸಲ ಅಚ್ಚು ಕೆಟ್ಟಾಗಲೂ ಅವಳು ನೋಡುತ್ತಿದ್ದದ್ದು ತನ್ನ ಬಲಗೈಯನ್ನು, ತಟ್ಟೆಯನ್ನಲ್ಲ. ನಡುಗುತ್ತಿದೆ, ಅದಕ್ಕೇ ಹೀಗೆ. ಮಗಳು ಹೇಳಿದಂತೆ ತಟ್ಟೆಯದೇ ತಪ್ಪಿರಬಹುದೇ ಎಂಬ ಯೋಚನೆ ಬಂದರೂ ತಾನೇ ಆಡಿದ ಗಾದೆ ಅಡ್ಡ ನಿಲ್ಲುತ್ತಿತ್ತು. ಬೇರೆಯವರಿಗೆ ಎಸೆದ ಗಾದೆ ಹೀಗೆ ತಿರುಗಿ ಬಂದು ಬಾಯಿ ಮುಚ್ಚಿಸುವುದುಂಟು.

ಭಾನುವಾರ ಮಧ್ಯಾಹ್ನ ಅವಳು ಮುದ್ರೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. "ಸಾಕು ಅತ್ತೆ. ನನ್ನ ಕೈ ಹೋಯ್ತು. ನಾಳೆಯಿಂದ ಚೀಟಿ ಅಂಟಿಸ್ತೀನಿ." ಹೇಳುತ್ತಿದ್ದಂತೆ ಕಣ್ಣೀರು ಬಂತು. ಅವಳು ಅಳುವವಳಲ್ಲ. ಅಷ್ಟು ದಿನ ಒಬ್ಬಳೇ ಹೊತ್ತದ್ದು ಭಾರವಾಗಿತ್ತು.

"ಕೈ ನಡುಗುತ್ತೆ ಅಂತ ತಾನೇ?" ಎಂದರು ಅತ್ತೆ. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಚಮಚ ಟಣಗುಟ್ಟಿದ ದಿನದಿಂದ ಗೊತ್ತು. ನೀನಾಗಿ ಹೇಳ್ಲಿ ಅಂತ ಸುಮ್ಮನಿದ್ದೆ. ಇಲ್ಲಾಂದ್ರೆ ದಿನಾ ಈ ಗಬ್ಬು ವಾಸನೇಲಿ ನಾನ್ಯಾಕೆ ಕೂರ್ತಿದ್ದೆ?"

ಸೊಸೆ ಮೂಗೊರೆಸಿಕೊಂಡಳು. ಅತ್ತೆ ಕೈಗೆ ಏನಾದರೂ ಕೆಲಸ ಬೇಕೆಂದು ತಟ್ಟೆಯನ್ನು ಎತ್ತಿಕೊಂಡರು. ಹೆಬ್ಬೆರಳ ಉಗುರು ಅಭ್ಯಾಸಬಲದಿಂದ ತಟ್ಟೆಯ ಅಂಚಿನ ಸುತ್ತ ತಿರುಗತೊಡಗಿತು. ಒಂದು ಮೂಲೆಯಲ್ಲಿ ನಿಂತಿತು, ಕೆರೆಯಿತು. ಏನೋ ಎದ್ದಿತು. ಅತ್ತೆ ಹಿಡಿದೆಳೆದರು.

ಚರ್‍ರೆಂದು ಸುಲಿದು ಬಂತು, ಗಾಜಿನಷ್ಟು ತಿಳಿಯಾದ ನೀಲಿ ಪ್ಲಾಸ್ಟಿಕ್ ಹಾಳೆ. ತಟ್ಟೆಗೆ ಗೀರು ಬೀಳದಿರಲೆಂದು ಕಾರ್ಖಾನೆಯವರು ಅಂಟಿಸಿ ಕಳಿಸಿದ್ದು. ಅದರಡಿಯ ಹೂವೆಲ್ಲ ಹಾಗೇ ಕಾಣುತ್ತಿದ್ದುದರಿಂದ ತಾಯಿ ಮಗಳಿಬ್ಬರೂ ಅದೇ ತಟ್ಟೆ ಎಂದುಕೊಂಡಿದ್ದರು. ಇಷ್ಟು ದಿನ ಬಣ್ಣ ಒಂದು ಗೀರಿನೊಳಕ್ಕೂ ಇಳಿದಿರಲಿಲ್ಲ.

"ಇದೇನೇ, ತಟ್ಟೆಗೆ ಅಂಗಿ ತೊಡಿಸಿದ್ರಾ?" ಎಂದರು ಅತ್ತೆ.

ಸೂಜಿಯಕ್ಕ ಹಾಳೆಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಮತ್ತೆ ಬಣ್ಣ ಹಚ್ಚಿ, ಕೆರೆದು, ಮುದ್ರೆ ಒತ್ತಿ, ಅತ್ತೆಯ ಹೆಬ್ಬೆರಳ ಮೇಲೆ ಉರುಳಿಸಿದಳು. ಹೂವು ಬಂತು. ಎಸಳೆಸಳಾಗಿ, ಎಳೆ ತಪ್ಪದೆ, ಅಂಚು ಕದಡದೆ. ಕೈ ಆಗಲೂ ಕೊಂಚ ನಡುಗಿತ್ತು ನಿಜ. ಆದರೆ ನಡುಕ ಇದ್ದದ್ದು ಒತ್ತುವ ಮೊದಲು ಕಾಯುವ ಚಣದಲ್ಲಿ, ಒತ್ತುವಾಗ ಇರಲಿಲ್ಲ. ಅದನ್ನು ಅವಳು ಕಣ್ಣಾರೆ ನೋಡಿದಳು. ಹೋದ ಜೀವ ಬಂದಂತಾಯಿತು. ಮೊದಲು ನಕ್ಕವರು ಅತ್ತೆ, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನಾಯಿತೆಂದು ಓಡಿಬಂದ ಮಗಳಿಗೆ ಅತ್ತೆ ನೀಲಿ ಹಾಳೆ ಎತ್ತಿ ತೋರಿಸಿದರು.

"ನಾನು ಹೇಳ್ಲಿಲ್ವಾ, ತಟ್ಟೆ ಸರಿ ಇಲ್ಲ ಅಂತ?"

"ಹೂಂ ಕಣೆ, ಈ ಸಲ ನೆಲಾನೇ ಡೊಂಕಿತ್ತು," ಎಂದು ತಾಯಿ ಒಪ್ಪಿಕೊಂಡಳು. ಸಂಜೆಯೊಳಗೆ ಅತ್ತೆಯ ಬೆರಳುಗಳೆಲ್ಲ ಹೂಬಿಟ್ಟವು. ಕೆಲವು ಸ್ವಲ್ಪ ವಾರೆಯಾಗಿದ್ದವು, ಯಾರೂ ಅದನ್ನು ಎತ್ತಿ ಆಡಲಿಲ್ಲ.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಕೈಗವಸು ತೊಡುವಾಗ ಹಳೇ ಭಯ ಮತ್ತೆ ತಲೆಯೆತ್ತಿತು. ಉಗುರಿನ ಹೂವು ಕೆಟ್ಟರೆ ಒರೆಸಬಹುದು, ಚುಚ್ಚಿದ್ದನ್ನು ಒರೆಸಲಾಗುತ್ತದೆಯೇ? ಮೇಲ್ವಿಚಾರಕರು ದೂರದಿಂದ ನೋಡುತ್ತಿದ್ದರು. ಪರದೆ ಸರಿಸಿ ಮೊದಲನೆಯವರನ್ನು ಕರೆದರೆ, ಒಳಗೆ ಬಂದವರು ಅತ್ತೆ.

"ಸಕ್ಕರೆ ನೋಡಿಸ್ಬೇಕಿತ್ತು," ಎಂದರು, ಏನೂ ಆಗದವರಂತೆ. "ನೀನಿಲ್ಲದಾಗ ಬೇರೆಯವರಿಗೆ ಕೈ ಕೊಡೋದಾ ಅಂತ ಹಾಗೇ ಬಿಟ್ಟಿದ್ದೆ." ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ಬೆರಳ ತುದಿಯಲ್ಲಿ ಕಪ್ಪು ಹೂಗಳು.

ಮುದುಕರ ನರ ಜಾರುವ ನರ, ಹಿಡಿದರೆ ಪಕ್ಕಕ್ಕೆ ಸರಿಯುತ್ತದೆ. ಸೂಜಿಯಕ್ಕ ಬೆರಳಿನಿಂದ ಒತ್ತಿ ನೋಡಿದಳು. ಸೂಜಿ ಎತ್ತಿದಳು. ಯಾವಾಗಲೂ ಕಣ್ಣು ಬಿಟ್ಟುಕೊಂಡು ಸೂಜಿ ಒಳಹೋಗುವುದನ್ನೇ ನೋಡುತ್ತಿದ್ದ ಅತ್ತೆ ಅಂದು ಮುಖ ಪಕ್ಕಕ್ಕೆ ತಿರುಗಿಸಿ ಗೋಡೆಯ ಗಡಿಯಾರ ನೋಡುತ್ತ ಕೂತರು. ಸೂಜಿ ಹಿಡಿದ ಕೈ ನಡುಗಿತು, ಇನ್ನೇನು ಚುಚ್ಚಬೇಕು ಎನ್ನುವಾಗ ನಡುಕ ನಿಂತಿತು. ಟ್ಯೂಬಿನಲ್ಲಿ ರಕ್ತ ಸರ್‍ರನೆ ಏರಿತು. ಹತ್ತಿ ಒತ್ತಿ ತೋಳು ಮಡಚಿಸಿದಳು.

ಅತ್ತೆ ಗಡಿಯಾರದಿಂದ ಕಣ್ಣು ತಿರುಗಿಸಿದರು. "ಆಯ್ತಾ?"

"ಆಯ್ತು ಅತ್ತೆ," ಎಂದಳು ಸೂಜಿಯಕ್ಕ. ಈಗ ನಡುಗಿದ್ದು ದನಿ ಮಾತ್ರ.