ಹಳದಿ ಗೆರೆಯ ಹತ್ತಿರ

ವಿಮಾನ ನಿಲ್ದಾಣದ ತಪಾಸಣೆ ಕೆಲಸಕ್ಕೆ ಸೇರಿ ಆಕೆಗೆ ಏಳು ವರ್ಷ. ಗಾಜಿನ ಗೂಡಿನಂಥ ಸ್ಕ್ಯಾನರಿನ ಪಕ್ಕ ನಿಂತು "ಕೈ ಮೇಲೆತ್ತಿ, ಎರಡೇ ಸೆಕೆಂಡು" ಎಂದು ಹೇಳಿ ಹೇಳಿ, ಗಂಡ ಅಂಗಿ ತೊಡುವಾಗಲೂ ಅದೇ ಮಾತು ಬಾಯಿಗೆ ಬರುತ್ತಿತ್ತು. ಹೆದರಿದವರಿಗೆ ಹೇಳುವ ಸಮಾಧಾನವೂ ಬಾಯಿಪಾಠ: "ಇದು ಎಕ್ಸ್‌ರೇ ಅಲ್ಲಮ್ಮ, ಮಿಲಿಮೀಟರ್ ತರಂಗ. ಬಟ್ಟೆ ದಾಟುತ್ತೆ, ಚರ್ಮದ ಹತ್ರ ನಿಂತುಬಿಡುತ್ತೆ. ನಿಮ್ಮ ಫೋನೇ ಇದಕ್ಕಿಂತ ಜೋರು."

ಆರು ವರ್ಷ ಕಾದ ಮೇಲೆ ಬಸಿರು ನಿಂತಿತು. ಅಂದಿನಿಂದ ಆಕೆ, ಯಾರಿಗೂ ಹೇಳದೆ, ತಾನು ನಿಲ್ಲಬೇಕಾದ ಹಳದಿ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲತೊಡಗಿದಳು. ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಲಿಲ್ಲ.

ಅತ್ತೆಯದು ಮುಚ್ಚುಮರೆಯಿಲ್ಲದ ಭಯ. "ಆ ಪೆಟ್ಟಿಗೆ ಮುಂದೆ ನಿಂತದ್ದು ಸಾಕು ತಾಯಿ. ನಾನು ಮಗಳ ಮನೆಯಿಂದ ಬರೋ ಹೊತ್ತಿಗೆ ಕೆಲಸ ಬಿಟ್ಟಿರಬೇಕು." ಇಷ್ಟಪಟ್ಟು ಸೇರಿದ್ದ ಕೆಲಸ. ಆದರೂ ರಾಜೀನಾಮೆ ಪತ್ರ ಬರೆದು ಚೀಲದಲ್ಲಿಟ್ಟುಕೊಂಡಳು.

ಅತ್ತೆ ಮಗಳ ಮನೆಗೆ ಹೊರಟ ದಿನ ಇವಳ ಸಾಲಿಗೇ ಬಂದರು. ಮನೆಯವರನ್ನು ತಾನೇ ತಪಾಸಣೆ ಮಾಡುವಂತಿಲ್ಲ. ಜೊತೆಗಾತಿ ಮುಂದೆ ಬಂದಳು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ ಕೈ ಎತ್ತಿದರು. ಸ್ಕ್ಯಾನರಿನ ಪರದೆಯ ಮೇಲಿನ ಮನುಷ್ಯಾಕಾರದ ಗೊಂಬೆಯ ಸೊಂಟದಲ್ಲಿ ಕೆಂಪು ಚೌಕ ಮೂಡಿತು.

"ಸೊಂಟದಲ್ಲಿ ಏನಿದೆ ಅಜ್ಜಿ?"

"ಏನೂ ಇಲ್ಲಮ್ಮ." ತಡಕಿ ಎಳೆದರೆ ಒದ್ದೆ ಕರವಸ್ತ್ರ. "ಮುಖ ತೊಳೆದು ಒರೆಸ್ಕೊಂಡು ಸಿಕ್ಕಿಸಿದ್ದೆ. ಇದೇನು ಬಾಂಬೇ?"

"ಅತ್ತೆ, ಆ ಮಾತು ಇಲ್ಲಿ ಆಡಬೇಡಿ!"

ಜೊತೆಗಾತಿ ನಕ್ಕಳು. "ನೀರು ಅಡ್ಡ ಬಂದರೆ ಇದರ ಆಟ ಮುಗೀತು ಅಜ್ಜಿ. ಬೆನ್ನು ಬೆವರಿದವರಿಗೂ ಹೀಗೇ ಗುರುತು ಹಾಕುತ್ತೆ."

ಅತ್ತೆ ಕರವಸ್ತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಈ ಚಿಂದಿ ದಾಟೋಕಾಗದ್ದು ಮಗುವಿನ ತನಕ ಹೋಗುತ್ತಾ? ಅದು ಇರೋದೇ ನೀರಲ್ಲಿ!" ಆಮೇಲೆ ಹಳದಿ ಗೆರೆಯಿಂದ ಹಿಂದೆ ಸರಿದಿದ್ದ ಸೊಸೆಯ ಕಾಲು ಅವರ ಕಣ್ಣಿಗೆ ಬಿತ್ತು. "ನೀನ್ಯಾಕೆ ಅಷ್ಟು ಹಿಂದೆ ನಿಂತಿದ್ದೀಯ?"

ಆಕೆಯ ಕೈ ಹೊಟ್ಟೆಯ ಮೇಲೆ ಹೋಯಿತು.

"ಹೆದರಿಕೆ ನನಗೊಬ್ಬಳಿಗೇ ಅಂದ್ಕೊಂಡಿದ್ದೆ," ಎಂದು ಅತ್ತೆ ಮೆಲ್ಲಗೆ ಅವಳ ಕೆನ್ನೆ ಸವರಿದರು. "ಮುಂದೆ ಹೋಗಿ ನಿಂತ್ಕೊ. ಕಾಲು ನೋವಾದರೆ ಮಾತ್ರ ಕುರ್ಚಿ ಕೇಳು, ನಾಚ್ಕೋಬೇಡ."

ಅತ್ತೆ ಹೋದರು. ಆಕೆ ಗೆರೆಯ ಮೇಲೆ ಕಾಲಿಟ್ಟು ಮುಂದಿನವರಿಗೆ, "ಕೈ ಮೇಲೆತ್ತಿ, ಎರಡೇ ಸೆಕೆಂಡು," ಎಂದಳು. ಊಟದ ಬಿಡುವಿನಲ್ಲಿ ರಾಜೀನಾಮೆಯ ಹಿಂಬದಿಯಲ್ಲಿ ಮಗುವಿಗೆ ಬೇಕಾಗುವ ಬಟ್ಟೆಗಳ ಪಟ್ಟಿ ಬರೆಯತೊಡಗಿದಳು. ಜಾಗ ಸಾಲಲಿಲ್ಲ.