ತಮ್ಮನ ಪುಟಕ್ಕೆ ನೂರ ನಲವತ್ತು ದಾರಿ

"ನಮ್ಮ ಬೀದೀಲಿ ಕಲಾವಿದರು ಇಬ್ಬರೇ" ಎನ್ನುತ್ತಿದ್ದರು ನೆರೆಹೊರೆಯವರು. "ಒಬ್ಬ ಗೋಡೆಗೆ ಬಣ್ಣ ಬಳಿಯೋನು, ಇನ್ನೊಬ್ಬಳು ಅವನ ಅಂಗಿ ಮೇಲಿನ ಬಣ್ಣ ತೆಗೆಯೋಳು." ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ ಕಲೆಗಾರ್ತಿ ಎಂಬ ಹೆಸರು ಅಂಟಿದ್ದು ಹಾಗೆ. ಶಾಯಿ, ತುಕ್ಕು, ಗ್ರೀಸು, ರಕ್ತ, ಕಲೆ ಯಾವುದಾದರೂ ಇರಲಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ, "ಇದು ಹೋಗತ್ತೆ" ಎನ್ನುತ್ತಿದ್ದಳು, ಇಲ್ಲವೇ "ಇದು ಸಾಯೋವರೆಗೂ ನಿಮ್ಮ ಜೊತೆನೇ" ಎನ್ನುತ್ತಿದ್ದಳು. ಆ ಮಾತು ಹುಸಿಯಾದದ್ದು ಯಾರಿಗೂ ನೆನಪಿಲ್ಲ.

ತಮ್ಮ ಕಾಣೆಯಾದ ಮೇಲೆ ಬೀದಿಯ ಮಾತು ಬದಲಾಯಿತು. "ಪಾಪ, ತಮ್ಮ ಹೋದ. ಈಗ ಮೊಬೈಲನ್ನೇ ತಮ್ಮ ಅಂತ ಸಾಕ್ಕೊಂಡಿದ್ದಾಳೆ."

ತಮ್ಮನಿಗೆ ವಯಸ್ಸು ನಲವತ್ತಾದರೂ ಬುದ್ಧಿ ಆರೇಳರ ಹತ್ತಿರವೇ ಕೂತುಬಿಟ್ಟಿತ್ತು. ಅಪ್ಪ ಅಮ್ಮ ಕಣ್ಣು ಮುಚ್ಚಿದ ಮೇಲೆ ಅಕ್ಕನೇ ಅವನಿಗೆಲ್ಲ. ಅವನನ್ನು ಲಾಂಡ್ರಿಗೆ ಕರೆದೊಯ್ದು ಬಟ್ಟೆ ಮಡಿಸುವುದನ್ನು ಕಲಿಸಿದ್ದಳು. ಅಂಚಿಗೆ ಅಂಚು, ಮೂಲೆಗೆ ಮೂಲೆ, ಕೊನೆಗೆ ಅಂಗೈಯಿಂದ ಎರಡು ಏಟು. ಆ ಕೆಲಸದಲ್ಲಿ ಅವನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಅಂಥವನು ಒಂದು ಮಧ್ಯಾಹ್ನ ಒದ್ದೆ ಬಟ್ಟೆಯ ಬುಟ್ಟಿಯನ್ನು ಹಿಂಬಾಗಿಲಲ್ಲಿ ಇಳಿಸಿ ಹೊರಗೆ ಹೋದ. ಹೋದವನು ಹೋದ. ಪೊಲೀಸರು ಬರೆದುಕೊಂಡರು. ಗೋಡೆಗೆ ಅಂಟಿಸಿದ ಫೋಟೋಗಳು ಒಂದು ಮಳೆಗೆ ಕರಗಿದವು.

ಲಾಂಡ್ರಿಗೆ ವಾರವಾರ ಬಿಳಿ ಅಂಗಿ ಕೊಡುವ ಗಿರಾಕಿ ಒಬ್ಬರಿದ್ದರು. ಯಾರಾದರೂ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇಂಥ ಅಂಗಡಿಯೇ ಮೊದಲು ಕಾಣಬೇಕು, ಹಾಗೆ ಮಾಡಿಕೊಡುವುದು ಅವರ ಕಸುಬು. ಅವರನ್ನು ಕೇಳಿಕೊಂಡು ಒಂದು ಬ್ಲಾಗ್ ತೆರೆದು, ತಮ್ಮನ ಫೋಟೋ, ತನ್ನ ಫೋನ್ ನಂಬರು ಹಾಕಿ ಬರೆದಳು. ಆರು ತಿಂಗಳಾಯಿತು. ಆ ಪುಟ ನೋಡಿದವರು ಒಂಬತ್ತು ಮಂದಿ, ಅದರಲ್ಲಿ ಐದು ಸಲ ಅವಳೇ.

"ಒಂದೇ ಪುಟ ಬರೆದು ಕೂತ್ರೆ ಕಾಡಲ್ಲಿ ಮನೆ ಕಟ್ಟಿದ ಹಾಗಮ್ಮ" ಎಂದರು ಬಿಳಿ ಅಂಗಿಯವರು. "ದಾರಿನೇ ಇಲ್ಲದ ಮನೆಗೆ ನೆಂಟರು ಹಾರ್ಕೊಂಡು ಬರ್ತಾರಾ? ಜನ ದಿನಾ ಹುಡುಕೋ ವಿಷಯ ಬರೀರಿ. ಪ್ರತಿ ಪುಟದಿಂದಲೂ ತಮ್ಮನ ಪುಟಕ್ಕೆ ಒಂದು ಲಿಂಕ್ ಹಾಕಿ. ಎಷ್ಟು ಪುಟ ಅದರ ಕಡೆ ಬೆರಳು ತೋರಿಸ್ತವೋ ಅದು ಅಷ್ಟು ಮೇಲೆ ಬರತ್ತೆ."

"ನನಗೆ ಗೊತ್ತಿರೋದು ಕಲೆ ಒಂದೇ ಸಾರ್."

"ಅದನ್ನೇ ಬರೀರಿ. ಕಲೆ ಆಗದಿರೋ ಅಂಗಿ ಯಾವ ಊರಲ್ಲಿದೆ?" ಬಾಗಿಲವರೆಗೆ ಹೋದವರು ತಿರುಗಿ ಇನ್ನೊಂದು ಮಾತು ಸೇರಿಸಿದರು. "ಲಿಂಕ್ ಯಾವ ಪದದ ಮೇಲೆ ಕೂರತ್ತೆ ಅನ್ನೋದು ಮುಖ್ಯ. ಅವನನ್ನ ಕಂಡವರು ಏನಂತ ಹುಡುಕಬಹುದು? ಆ ಪದ ಇಡಿ. ಮೈ ಮೇಲೆ ಗುರುತು ಗಿರುತು ಇದ್ರೆ ಅದನ್ನ ಬರೀರಿ."

ಗುರುತೇನೋ ಇತ್ತು. ಎಡಗೈಯ ಹಿಂಬದಿಗೆ ಇಸ್ತ್ರಿಪೆಟ್ಟಿಗೆಯ ಮೂತಿ ಒತ್ತಿದಂಥ ಸುಟ್ಟ ಕಲೆ. ಅವನಿಗೆ ಐದು ವರ್ಷ, ಅವಳಿಗೆ ಹದಿಮೂರು. ಕಾದ ಪೆಟ್ಟಿಗೆಯನ್ನು ಮಂಚದ ಅಂಚಿಗಿಟ್ಟು ಎದ್ದುಹೋದವಳು ಅವಳೇ. ಮುಂದೆ ಬೀದಿಯ ಮಕ್ಕಳು "ಸುಟ್ಟಕೈ, ಸುಟ್ಟಕೈ" ಎಂದು ಕೂಗಿದಾಗ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗಿದ್ದಳು. ಈಗ ತನ್ನ ಕೈಯಾರೆ ಅದನ್ನೇ ಬರೆಯುವುದೇ? "ತಮ್ಮನ್ನ ತಮ್ಮ ಅನ್ನದೆ ಇನ್ನೇನಂತ ಕರೀಲಿ" ಎಂದುಕೊಂಡು ಪ್ರತಿ ಪುಟದ ಕೊನೆಗೆ "ನನ್ನ ತಮ್ಮನ ಬಗ್ಗೆ ಓದಿ" ಎಂದು ಬರೆದು, ಆ ಮಾತಿಗೇ ಕೊಂಡಿ ಹಾಕಿದಳು. ತಮ್ಮನ ಪುಟದಲ್ಲೂ "ಕೈ ಮೇಲೆ ಒಂದು ಗುರುತಿದೆ" ಎಂದಳೇ ಹೊರತು ಏನು, ಹೇಗೆ ಎಂದು ಬರೆಯಲಿಲ್ಲ.

ಬಟ್ಟೆ ಒಣಗಿಸುವ ಯಂತ್ರ ತಿರುಗುವ ನಲವತ್ತು ನಿಮಿಷವೇ ಅವಳ ಬರವಣಿಗೆಯ ಹೊತ್ತು. ಶಾಯಿ ಕಲೆಗೊಂದು ಪುಟ, ತುಕ್ಕಿಗೊಂದು, ಕಾಲರಿನ ಬೆವರಿಗೊಂದು. ಮೂರು ವರ್ಷದಲ್ಲಿ ನೂರ ನಲವತ್ತು ಪುಟಗಳಾದವು. ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು ಇಸ್ತ್ರಿ ತಾಗಿ ಬಟ್ಟೆಯ ಮೇಲಾಗುವ ಸುಟ್ಟ ಕಲೆಯ ಪುಟ. ಈ ನಡುವೆ ಬಾಡಿಗೆ ಮನೆಯ ಯಜಮಾನರು, "ಮುಂದಿನ ಕೋಣೆ ಒಡೆದು ಅಂಗಡಿ ಮಾಡ್ಬೇಕಮ್ಮ, ಬೇರೆ ಮನೆ ನೋಡ್ಕೊ" ಎಂದು ಬಾಯಿ ನೋಯಿಸಿಕೊಂಡರು. ಅವಳದು ಒಂದೇ ಉತ್ತರ: "ಅವನಿಗೆ ಗೊತ್ತಿರೋದು ಇದೊಂದೇ ಬಾಗಿಲು. ಬಂದ್ರೆ ಎಲ್ಲಿಗೆ ಬರ್ತಾನೆ?"

ಒಂದು ದಿನ ಬಿಳಿ ಅಂಗಿಯವರು ಬ್ಲಾಗ್ ಹೇಗಿದೆ ನೋಡೋಣವೆಂದು ಅಲ್ಲೇ ಕೌಂಟರಿನ ಮುಂದೆ ಮೊಬೈಲು ತೆಗೆದರು. ನೋಡುತ್ತ ನೋಡುತ್ತ ಅವರ ಮುಖ ಇಳಿಯಿತು.

"'ನನ್ನ ತಮ್ಮ' ಅಂತ ಹುಡುಕಿದ್ರೆ ನಿಮ್ಮ ಪುಟನೇ ಮೊದಲು. ಆದ್ರೆ ಅಮ್ಮ, ಅವನನ್ನ ಕಂಡವರಿಗೆ ಅವನು ತಮ್ಮ ಅಲ್ವಲ್ಲ? ಯಾರೋ ಒಬ್ಬ ಗಂಡಸು ಅಷ್ಟೇ."

ಮೂರನೆಯ ದಿನ ಅವಳು ರಜೆ ಹಾಕಿ ಕೂತಳು. ನೂರ ನಲವತ್ತು ಪುಟಗಳನ್ನೂ ಒಂದೊಂದಾಗಿ ತೆರೆದು, ಕೊನೆಯ ಸಾಲು ಅಳಿಸಿ, "ಎಡಗೈ ಮೇಲೆ ಇಸ್ತ್ರಿಯ ಸುಟ್ಟ ಕಲೆ ಇರುವ ಗಂಡಸು ಕಾಣೆಯಾಗಿದ್ದಾನೆ" ಎಂದು ಬರೆದಳು. ಕೊಂಡಿಯನ್ನು ಆ ಸಾಲಿಗೇ ಹಾಕಿದಳು.

ಹದಿನೇಳನೆಯ ದಿನ ಲಾಂಡ್ರಿಯಲ್ಲಿದ್ದಾಗ ಫೋನು ಬಂತು. ಬಸ್ಸಿನಲ್ಲಿ ಒಂಬತ್ತು ತಾಸಿನ ದೂರದ ಊರಿನ ದೊಡ್ಡಾಸ್ಪತ್ರೆಯ ಆಯಾ.

"ಅಕ್ಕ, ಅವರು ಬಟ್ಟೆ ಮಡಿಸಿ ಕೊನೆಗೆ ಎರಡು ಏಟು ಹಾಕ್ತಿದ್ರಾ?"

ಇವಳು ಕೇಳಿದಳು, "ಹಾಕ್ತಿದ್ರು ಅಂದ್ರೆ? ಈಗ ಹಾಕಲ್ವಾ?"

ಆ ಕಡೆಯ ದನಿ ಅಳುಕಿತು. "ಎಂಟು ತಿಂಗಳಾಯ್ತಕ್ಕ. ಜ್ವರ ಎದೆಗಿಳೀತು. ಯಾರೂ ಬರಲಿಲ್ಲ ಅಂತ ಆಸ್ಪತ್ರೆಯವರೇ ಮಣ್ಣು ಮಾಡಿದ್ರು. ಎರಡು ವರ್ಷದ ಮೇಲಿದ್ರು ನಮ್ಮ ವಾರ್ಡಲ್ಲಿ. ಎಲ್ಲರಿಗೂ ಅಕ್ಕಾ ಅನ್ನೋರು, ಮೀಸೆ ಡಾಕ್ಟರಿಗೂ. ವಿಳಾಸ ಕೇಳಿದ್ರೆ 'ಅಕ್ಕನ ಮನೆ' ಅನ್ನೋರು."

"ಯಾರೂ ಹುಡುಕಲಿಲ್ವಾ ತಾಯಿ?"

"ನಾನೇ ಹುಡುಕಿದ್ದೆ." ಆಯಾ ಈಗ ಅಳುತ್ತಿದ್ದಳು. "ಮೊನ್ನೆ ಮನಸ್ಸು ತಡೀದೆ ಹುಡುಕಿದ್ದು ಎರಡನೇ ಸಲ. ಮೊದಲ ಸಲ ಅವರು ಹೋಗೋಕೆ ಐದು ತಿಂಗಳು ಮುಂಚೆ. 'ಕೈ ಮೇಲೆ ಇಸ್ತ್ರಿ ಸುಟ್ಟ ಕಲೆ' ಅಂತ ಹಾಕಿದೆ. ನಿಮ್ಮ ಪುಟನೇ ಬಂತು. ಬಟ್ಟೆ ಮೇಲಿನ ಕಲೆ ಹೇಗೆ ತೆಗೆಯೋದು ಅಂತಿತ್ತು. ಪೂರ್ತಿ ಓದಿದೆ ಅಕ್ಕ. ಕೊನೇಲಿ 'ನನ್ನ ತಮ್ಮನ ಬಗ್ಗೆ ಓದಿ' ಅಂತಿತ್ತು. ಯಾರ ತಮ್ಮನೋ ಏನೋ, ನನಗ್ಯಾಕೆ ಅಂತ ಮುಚ್ಚಿಬಿಟ್ಟೆ."

ಯಂತ್ರ ತಿರುಗಿ ನಿಂತು ಕೂಗಿಕೊಂಡಿತು. ಯಾರೂ ಬಟ್ಟೆ ತೆಗೆಯಲಿಲ್ಲ.

"ನಿನ್ನ ತಪ್ಪಲ್ಲ ಕಣವ್ವ" ಎಂದಳು ಇವಳು. "ಆಸ್ಪತ್ರೆ ಪುಸ್ತಕದಲ್ಲಿ ಅವನನ್ನ ಏನಂತ ಬರೆದಿದ್ದಾರೆ?"

"ಹೆಸರು ತಿಳಿಯದ ಗಂಡಸು ಅಂತ. ಮಣ್ಣು ಮಾಡಿದ ಕಡೆ ನಂಬರ್ ಇದೆ. ಹೆಸರು ಬರೆಸೋಕೆ ಸಂಬಂಧದ ಕಾಗದ ಬೇಕು, ನೀವೇ ಬರಬೇಕು. ಬೇಗ ಆಗೋ ಕೆಲಸ ಅಲ್ಲಕ್ಕ, ತಿಂಗಳುಗಟ್ಟಲೆ ಅಲೆಸ್ತಾರೆ."

"ಅಲೀತೀನಿ. ಇನ್ನೇನು ಕೆಲಸ ಇದೆ ನನಗೆ?"

ಅದೇ ಸಂಜೆ ಯಜಮಾನರ ಮನೆಗೆ ಹೋಗಿ, ಅವರು ಬಾಯಿ ಬಿಡುವ ಮೊದಲೇ, "ಮನೆ ಬಿಟ್ಟುಕೊಡ್ತೀನಿ" ಎಂದಳು. ಅವರು ಒಳಗಿಂದ ನೀರು ತಂದುಕೊಟ್ಟರು.

ಹೊರಡುವ ಬೆಳಿಗ್ಗೆ ಪಾತ್ರೆಪಡಗವೆಲ್ಲ ಪಕ್ಕದ ಮನೆಯವಳ ಪಾಲಾಯಿತು. ಚೀಲದಲ್ಲಿ ಎರಡು ಸೀರೆ, ತಮ್ಮನ ಹುಟ್ಟಿದ ದಿನದ ಕಾಗದ, ಅವನ ಫೋಟೋ. ಪಕ್ಕದ ಮನೆಯವಳು ಚೀಲದ ಬಾಯಿ ಕಟ್ಟುತ್ತ ಕೇಳಿದಳು, "ಆ ಪುಟ ಅಳಿಸಿಬಿಟ್ಯೇನೇ?"

"ಇಲ್ಲ. ಇಲ್ಲಿಂದ ಹೋಗಿ ಆಸ್ಪತ್ರೆ ಸೇರೋ ತನಕ ಒಂದು ವರ್ಷ ಎಲ್ಲಿದ್ದನೋ. ಯಾರೋ ಒಂದು ತುತ್ತು ಹಾಕಿರ್ತಾರೆ. ಅವರು ಹುಡುಕಬಹುದು."

ಹೊರಗೆ ಮೇಸ್ತ್ರಿ ಅಳತೆಯ ಟೇಪು ಹಿಡಿದು ಕಾಯುತ್ತಿದ್ದ. ಅವಳು ಹೊಸ್ತಿಲ ಬದಿಗೆ ಸರಿದು ಅವನನ್ನು ಒಳಗೆ ಬಿಟ್ಟಳು. ಆಮೇಲೆ ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದಳು.